ಸರ್ವರ್‌ಗೆ ಆಯುಧಪೂಜೆ ಮಾಡಿದ ವರ್ಷ

ನಮ್ಮ ಮನೆಯಲ್ಲಿ ಈಗ ಲಿನಕ್ಸ್ ಎಂಬ ಮಾತನ್ನು ಯಾರೂ ಎತ್ತುವುದಿಲ್ಲ. ಎತ್ತಿದರೆ ನಾನೇ ಎದ್ದು ಹೊರಗೆ ಹೋಗುತ್ತೇನೆ. ಅದರ ಮೇಲೆ ನನಗೆ ಸಿಟ್ಟಿಲ್ಲ. ವ್ಯಾಪಾರದ ಸರ್ವರ್ ಕಂಪ್ಯೂಟರುಗಳನ್ನು ನಡೆಸುವ ಆ ವ್ಯವಸ್ಥೆಯಷ್ಟು ನಂಬಿಕಸ್ಥವಾದದ್ದನ್ನು ನಾನು ನೋಡಿಲ್ಲ ಎಂದು ಇವತ್ತೂ ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಸಿಟ್ಟು ನನ್ನ ಮೇಲೆ. ಅಪ್ಪನ ಪುಸ್ತಕಗಳನ್ನು ಕಳೆದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಎಲ್ಲೋ ಸಿಕ್ಕಿಬಿಟ್ಟವೇನೋ ಎಂದು ಯಾರೂ ಆಸೆ ಇಟ್ಟುಕೊಳ್ಳುವುದು ಬೇಡ.

ನಾವು ನಾಗಮಂಗಲದವರು. ಕಂಚು ಕರಗಿಸಿ ಎರಕ ಹೊಯ್ಯುವುದು ಮನೆತನದ ಕಸುಬು. ದೀಪ, ತಟ್ಟೆ, ಪಂಚಪಾತ್ರೆ ಎಲ್ಲವನ್ನೂ ಒಂದು ಕಾಲದಲ್ಲಿ ನಾವೇ ಮಾಡುತ್ತಿದ್ದೆವಂತೆ. ನಾನು ಕಂಡ ಹಾಗೆ ಅಪ್ಪ ಕೈ ಹಾಕುತ್ತಿದ್ದುದು ದೇವಸ್ಥಾನದ ಗಂಟೆಗಳಿಗೆ ಮಾತ್ರ. ಮಿಕ್ಕ ಸಾಮಾನೆಲ್ಲ ಹೊರಗಿನಿಂದ ಬರುತ್ತಿತ್ತು. ಅದನ್ನು ಮಾರಲು ಅಣ್ಣ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆಗಳಲ್ಲಿ ಒಂದೊಂದು ಅಂಗಡಿ ಇಟ್ಟಿದ್ದ. ನಾಗಮಂಗಲದಲ್ಲಿ ಮನೆ, ಮನೆಯ ಹಿಂದೆ ಕುಲುಮೆ, ಕುಲುಮೆಯ ಪಕ್ಕದ ಕೋಣೆಯಲ್ಲಿ ಆಫೀಸು.

ನಾನು ಏಳು ವರ್ಷ ಮೈಸೂರಿನ ಒಂದು ಕಾರ್ಖಾನೆಯ ಸರ್ವರ್ ಕೋಣೆಯಲ್ಲಿ ಕೆಲಸ ಮಾಡಿ, ಅಲ್ಲಿನ ಮೇಲಧಿಕಾರಿಯ ಜೊತೆ ಜಗಳವಾಡಿ ಊರಿಗೆ ಬಂದವನು. ಕಂಚಿನ ಕೆಲಸ ನನ್ನ ಕೈಗೆ ಹತ್ತಲಿಲ್ಲ. ಕಂಚು ಕರಗಿಸುವ ಮೂಸೆಯ ಎದುರು ನಿಂತರೆ ಕಣ್ಣು ಉರಿ ಎಂದು ಚಿಕ್ಕಂದಿನಲ್ಲೇ ಓಡಿಹೋಗುತ್ತಿದ್ದೆ. ಅಣ್ಣ ನನ್ನನ್ನು ಆಫೀಸಿನ ಕೋಣೆಗೆ ತಳ್ಳಿದ. ಅಲ್ಲಿ ಒಂದು ಹಳೆಯ ಕಂಪ್ಯೂಟರ್ ಇತ್ತು. ಮೂರು ಅಂಗಡಿಗಳೂ ಅದಕ್ಕೇ ಜೋತುಬಿದ್ದಿದ್ದವು. ವಾರಕ್ಕೆರಡು ಸಲ ವೈರಸ್ಸು, ದಿನಕ್ಕೊಂದು ಸಲ ನಿಂತುಹೋಗುವುದು. ಭಾನುವಾರ ಶ್ರೀರಂಗಪಟ್ಟಣದ ಅಂಗಡಿಯಲ್ಲಿ ಪ್ರವಾಸಿಗರು ತುಂಬಿಕೊಂಡಿರುವಾಗಲೇ ಅದಕ್ಕೆ ಅಪ್‌ಡೇಟ್ ಆಗುವ ಆಸೆ ಹುಟ್ಟುತ್ತಿತ್ತು.

ನಾನು ಬಂದ ಮೂರನೇ ತಿಂಗಳಲ್ಲಿ ಅದನ್ನು ಕಿತ್ತು ಹಾಕಿ, ಮೈಸೂರಿನಿಂದ ಒಂದು ಸೆಕೆಂಡ್ ಹ್ಯಾಂಡ್ ಸರ್ವರು ತಂದೆ. ಕಾರ್ಖಾನೆಯಲ್ಲಿ ನನಗೆ ರೂಢಿಯಿದ್ದ ಅದೇ ಲಿನಕ್ಸಿನ ಉಚಿತ ಆವೃತ್ತಿಯನ್ನು ಹಾಕಿದೆ. ಎರಡು ಡಿಸ್ಕು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಹಾಗೆಯೇ ಬರೆದುಕೊಳ್ಳುತ್ತದೆ. ಒಂದು ಸತ್ತರೆ ಇನ್ನೊಂದು ನಡೆಸುತ್ತದೆ. ದಿನಾ ಬ್ಯಾಕಪ್ಪು ಹೋಗಲೆಂದು ಮೂರನೆಯದೊಂದನ್ನು ಹೊರಗಿನಿಂದ ವಯರಿನಲ್ಲಿ ಜೋಡಿಸಿದೆ. ಅಣ್ಣ ಬಂದು ಪರದೆ ನೋಡಿದ.

"ಇದೇನ್ಲಾ, ಕರೀ ಗೋಡೆ ಮ್ಯಾಲೆ ಬಿಳೀ ಇರುವೆ ಬುಟ್ಟಂಗದೆ. ಮೌಸ್ ಎಲ್ಲಿ?"

"ಇದ್ಕೆ ಮೌಸ್ ಬೇಡ ಅಣ್ಣ."

"ಮೌಸ್ ಇಲ್ದಿದ್ ಮ್ಯಾಲೆ ಯಂಗ್ಲಾ ಒತ್ತೋದು?"

"ಏನೂ ಒತ್ತಂಗಿಲ್ಲ. ಅದ್ರ ಪಾಡಿಗೆ ಅದು ನಡೀತದೆ."

ನಡೆಯಿತು. ಅದೇ ಬಂದ ತೊಂದರೆ. ಮೊದಲ ತಿಂಗಳು ಅಂಗಡಿಗಳಿಂದ "ಸರ್ವರ್ ಐತಾ?" ಎಂದು ದಿನಕ್ಕೊಂದು ಫೋನು ಬರುತ್ತಿತ್ತು. ಆಮೇಲೆ ನಿಂತಿತು. ಕರೆಂಟು ಹೋದರೆ ಬ್ಯಾಟರಿ, ಬ್ಯಾಟರಿ ಮುಗಿಯುವಷ್ಟರಲ್ಲಿ ಕುಲುಮೆಯ ಜನರೇಟರು. ಮಳೆಗಾಲ ಹೋಯಿತು, ಬೇಸಿಗೆ ಹೋಯಿತು, ಆ ಪೆಟ್ಟಿಗೆ ಮೂಲೆಯಲ್ಲಿ ಕೂತು ಗೊರಗೊರ ಅನ್ನುತ್ತಲೇ ಇತ್ತು. ಅದರ ಮೇಲೆ ಅಣ್ಣ ಹೆಲ್ಮೆಟ್ ಇಡಲು ಶುರುಮಾಡಿದ. ಬೈದು ಬೈದು ನಾನೂ ಸುಮ್ಮನಾದೆ.

ಲಿನಕ್ಸಿನಲ್ಲಿ ಒಂದು ಆದೇಶ ಇದೆ. ಬರೆದು ಎಂಟರ್ ಒತ್ತಿದರೆ ಯಂತ್ರ ಒಮ್ಮೆಯೂ ನಿಲ್ಲದೆ ಎಷ್ಟು ದಿನ ಓಡಿದೆ ಎಂದು ತೋರಿಸುತ್ತದೆ. ನನಗೆ ಅದರ ಚಟ ಹತ್ತಿತು. ನೂರು ದಿನವಾದಾಗ ಹಳೆಯ ಸಹೋದ್ಯೋಗಿಗಳಿಗೆ ಫೋಟೋ ಕಳಿಸಿದೆ. ಐನೂರಾದಾಗ ಅಣ್ಣನನ್ನು ಕೂಗಿ ಕರೆದೆ. ಸಾವಿರ ದಾಟಿದ ದಿನ ಕೆ.ಆರ್.ಪೇಟೆಯ ಅಂಗಡಿಗೆ ಹೋಗಿದ್ದವನು ಅಲ್ಲಿಂದಲೇ ಲಾಗಿನ್ ಆಗಿ ನೋಡಿ, ಪಕ್ಕದ ಹೋಟೆಲಿನಲ್ಲಿ ಒಬ್ಬನೇ ಕೂತು ಎರಡು ಮಸಾಲೆ ದೋಸೆ ತಿಂದೆ. ಮಧ್ಯೆ ಮಧ್ಯೆ ವ್ಯವಸ್ಥೆಯ ತಿರುಳಿಗೇ ಸಂಬಂಧಿಸಿದ ಅಪ್‌ಡೇಟುಗಳು ಬರುತ್ತಿದ್ದವು. ಅವನ್ನು ಹಾಕಿದ ಮೇಲೆ ಯಂತ್ರವನ್ನು ಒಮ್ಮೆ ನಿಲ್ಲಿಸಿ ಎಬ್ಬಿಸಬೇಕು. ಎಬ್ಬಿಸಿದರೆ ಲೆಕ್ಕ ಸೊನ್ನೆಗೆ ಬರುತ್ತದೆ. ನಾನು ಎಬ್ಬಿಸಲಿಲ್ಲ. ಇದಕ್ಕೆ ಅಹಂಕಾರ ಎಂದಲ್ಲದೆ ಬೇರೆ ಹೆಸರು ಕೊಡಲು ನನಗೆ ಬರುವುದಿಲ್ಲ.

ಈಗ ಪುಸ್ತಕಗಳ ವಿಚಾರ. ಅಪ್ಪನ ಬಳಿ ಹನ್ನೊಂದು ಪುಸ್ತಕಗಳಿದ್ದವು. ಮೊದಲ ನಾಲ್ಕು ಮುತ್ತಾತನವು, ಆಮೇಲಿನ ಮೂರು ತಾತನವು, ಕೊನೆಯ ನಾಲ್ಕು ಅಪ್ಪನವೇ. ಮನೆಯಲ್ಲಿ ಹೊಯ್ದ ಪ್ರತಿಯೊಂದು ಗಂಟೆಗೂ ಅದರಲ್ಲಿ ಒಂದು ಪುಟ. ಯಾವ ಊರಿನದು, ತಾಮ್ರ ಎಷ್ಟು, ತವರ ಎಷ್ಟು, ಅಚ್ಚಿಗೆ ಯಾವ ಕೆರೆಯ ಮಣ್ಣು, ಗಂಟೆಯ ಕೆಳಗಿನ ತುಟಿ ಎಷ್ಟು ದಪ್ಪ, ಎರಕ ಹೊಯ್ದ ಹೊತ್ತಿನಲ್ಲಿ ಗಾಳಿ ಇತ್ತೋ ಇಲ್ಲವೋ. ಕೊನೆಯ ಸಾಲು ಯಾವಾಗಲೂ ನಾದದ್ದು. "ಮೂರು ಉಸಿರು ನಿಂತಿತು" ಎಂದಿರುತ್ತಿತ್ತು, ಇಲ್ಲವೇ "ಐದು ಉಸಿರು, ಕೊನೆಗೆ ಸ್ವಲ್ಪ ಅಲುಗಿತು." ಗಡಿಯಾರ ನೋಡಿ ಅಳೆದದ್ದಲ್ಲ. ಗಂಟೆ ಬಾರಿಸಿ, ಅದರ ದನಿ ಅಡಗುವವರೆಗೆ ತಾನು ಎಷ್ಟು ಸಲ ಉಸಿರಾಡಿದೆ ಎಂದು ಎಣಿಸುವುದು.

ನಮ್ಮ ಕಡೆ ಗಂಟೆ ಬಿರುಕು ಬಿಟ್ಟರೆ ಅದನ್ನು ಮಾರುವುದಿಲ್ಲ. ಹೊಯ್ದ ಮನೆಗೇ ಹೊತ್ತು ತಂದು, ಅದೇ ಕಂಚನ್ನು ಕರಗಿಸಿ ಅದೇ ದನಿಯ ಗಂಟೆ ಮಾಡಿಸಿಕೊಂಡು ಹೋಗುತ್ತಾರೆ. ಊರಿನವರಿಗೆ ತಮ್ಮ ಗಂಟೆಯ ದನಿ ಗೊತ್ತಿರುತ್ತದೆ, ಬೇರೆಯದಾದರೆ ಒಪ್ಪುವುದಿಲ್ಲ. ಹಾಗಾಗಿ ಆ ಪುಸ್ತಕಗಳಿಲ್ಲದೆ ಅಪ್ಪನ ಕಸುಬೇ ಇಲ್ಲ. ಅವು ಮನೆಯ ಒಳಕೋಣೆಯಲ್ಲಿ, ಅಮ್ಮನ ಮದುವೆಯ ಟ್ರಂಕಿನಲ್ಲಿ ಇದ್ದವು.

ಅಪ್ಪನಿಗೆ ಎಪ್ಪತ್ತಾರು ದಾಟಿತು. ಕಣ್ಣು ಮಬ್ಬಾಯಿತು. ಆಪರೇಷನ್ ಮಾಡಿಸಿದರೂ ಒಂದು ಕಣ್ಣು ಅಷ್ಟಕ್ಕಷ್ಟೇ. ಒಂದು ದಿನ ಟ್ರಂಕು ತೆಗೆದರೆ ಮುತ್ತಾತನ ಎರಡನೇ ಪುಸ್ತಕದ ಅಂಚನ್ನು ಗೆದ್ದಲು ತಿಂದಿತ್ತು. ಅಪ್ಪ ಆ ಮಣ್ಣನ್ನು ಬೆರಳಿನಲ್ಲಿ ಒರೆಸಿ ಒರೆಸಿ ತೆಗೆಯುತ್ತಾ ಕೂತದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಎಲ್ಲಾನೂ ಸರ್ವರ್‌ಗೆ ಆಕ್ಬುಡಾಣ ಅಪ್ಪ," ಎಂದೆ.

ಆಷಾಢದಲ್ಲಿ ಗಂಟೆ ಮಾಡಿಸುವವರು ಯಾರೂ ಬರುವುದಿಲ್ಲ. ಕುಲುಮೆ ತಣ್ಣಗಿರುತ್ತದೆ. ಆ ತಿಂಗಳು ಪೂರ್ತಿ, ಆಮೇಲೆ ಶ್ರಾವಣದಲ್ಲೂ ನಾನು ಮತ್ತು ಅಪ್ಪ ಆ ಕೋಣೆಯಲ್ಲಿ ಕೂತೆವು. ಪ್ರತಿ ಪುಟವನ್ನೂ ಸ್ಕ್ಯಾನ್ ಮಾಡಿದೆ. ಸ್ಕ್ಯಾನರಿನಿಂದ ಅದು ನೇರವಾಗಿ ಸರ್ವರಿಗೇ ಹೋಗುತ್ತಿತ್ತು. ಆದರೆ ಬರೀ ಚಿತ್ರ ಸಾಲದು. ಮುತ್ತಾತನ ಅಕ್ಷರವನ್ನು, ಅವನ ಗುರುತುಗಳನ್ನು ಓದಬಲ್ಲವನು ಅಪ್ಪ ಒಬ್ಬನೇ. ಭೂತಗನ್ನಡಿ ಹಿಡಿದು ಅಪ್ಪ ಓದುತ್ತಿದ್ದ, ನಾನು ಟೈಪು ಮಾಡುತ್ತಿದ್ದೆ. ಒಂದು ಅಡ್ಡಗೆರೆ ಎಂದರೆ ಕಾಲು ಸೇರು, ಅದರ ಮೇಲೆ ಚುಕ್ಕೆ ಇಟ್ಟರೆ ತವರವನ್ನು ಕೊನೆಯಲ್ಲಿ ಹಾಕಿದ್ದು. ನಲವತ್ತು ವರ್ಷ ನನ್ನ ಜೊತೆ ಊಟ, ಬಸ್ಸು, ಮಳೆ ಬಿಟ್ಟು ಬೇರೆ ಮಾತಾಡದ ಅಪ್ಪ ಆ ಎರಡು ತಿಂಗಳು ಮಾತಾಡಿದಷ್ಟು ಹಿಂದೆಂದೂ ಮಾತಾಡಿರಲಿಲ್ಲ. ಒಂದು ಪುಟ ಓದಿ, "ಈ ಗಂಟೆ ಒಯ್ದಾಗ ನಮ್ಮಪ್ಪ ನನ್ ಕೆನ್ನೆಗ್ ಬಾರಿಸ್ದ ಕಣ್ಲಾ, ನಾನು ಮಧ್ಯ ಕೆಮ್ಬುಟ್ಟೆ, ಉಸ್ರು ಎಣ್ಸೋದು ತಪ್ಪೋಯ್ತು," ಎಂದು ನಗುತ್ತಿದ್ದ. ನನಗೆ ಆಗ ಬಹಳ ಸಂತೋಷವಾಗುತ್ತಿತ್ತು. ಕಂಚು ಮುಟ್ಟದ ಮಗ ಕೊನೆಗೂ ಒಂದು ಕೆಲಸಕ್ಕೆ ಬಂದೆ ಅನ್ನಿಸುತ್ತಿತ್ತು.

ಕೆಲಸ ಮುಗಿದ ದಿನ ಅಪ್ಪ ಆ ಪೆಟ್ಟಿಗೆಯ ಮುಂದೆ ನಿಂತ.

"ಇದು ಕೆಟ್ಟೋಗಾಕಿಲ್ವಾ?"

"ಇಲ್ಲ ಅಪ್ಪ. ಸಾವಿರದ ನಾನೂರು ದಿನ ಆಯ್ತು, ಒಂದ್ ನಿಮಿಷ ನಿಂತಿಲ್ಲ."

"ಗೆದ್ಲು?"

"ಗೆದ್ಲು ಎಲ್ಲಿಂದ ಬಂದದು ಇದ್ಕೆ?"

ಅಪ್ಪ ನಂಬಿದ. ನನ್ನನ್ನು ನಂಬಿದ.

ಭಾದ್ರಪದದಲ್ಲಿ, ಗೌರಿ ಹಬ್ಬ ಕಳೆದ ಮೇಲೆ, ಪುಸ್ತಕಗಳನ್ನು ನೀರಿಗೆ ಬಿಡಬೇಕು ಎಂದ. ಅದು ನಮ್ಮಲ್ಲಿರುವ ಕ್ರಮ. ದೇವರಿಗೆ ಸಂಬಂಧಪಟ್ಟ ಯಾವುದನ್ನೂ ರದ್ದಿಗೆ ಹಾಕುವಂತಿಲ್ಲ, ಸುಡುವಂತಿಲ್ಲ, ಹುಳ ತಿನ್ನಲು ಬಿಡುವಂತಿಲ್ಲ. ಒಡೆದ ವಿಗ್ರಹವಾಗಲಿ, ಹಳೆಯ ಪಟವಾಗಲಿ, ಅದರ ಕೆಲಸ ಮುಗಿದ ಮೇಲೆ ಕಾವೇರಿಗೆ. ಪುಸ್ತಕದೊಳಗಿನದು ಬೇರೆ ಕಡೆ ಹೋಗಿ ಕೂತಿದೆ, ಇನ್ನು ಈ ಕಾಗದವನ್ನು ಗೆದ್ದಲಿಗೆ ಬಿಟ್ಟರೆ ತಾತನಿಗೆ ಅವಮಾನ ಎಂಬುದು ಅಪ್ಪನ ಲೆಕ್ಕ.

ಅಣ್ಣ ಮಾತ್ರ ಅಡ್ಡಿ ಬಂದ. "ಇರ್ಲಿ ಬುಡಪ್ಪ ಮನೇಲಿ. ಏನು ಅನ್ನ ಕೇಳ್ತವಾ?"

ನಾನು ಅಣ್ಣನಿಗೆ, "ನಿಂಗೆ ಗೊತ್ತಾಗಾಕಿಲ್ಲ, ಎಲ್ಡೆಲ್ಡು ಡಿಸ್ಕಲ್ಲಿ ಅವೆ, ಅದ್ರ ಮ್ಯಾಲೆ ಬ್ಯಾಕಪ್ಪೂ ಅದೆ," ಎಂದೆ. ಇದನ್ನು ನಾನು ಹೇಳಿದೆ. ಇದೇ ಬಾಯಿಂದ.

ಒಂದು ಬೆಳಿಗ್ಗೆ ಶ್ರೀರಂಗಪಟ್ಟಣದ ಸಂಗಮಕ್ಕೆ ಕಾರಿನಲ್ಲಿ ಹೋದೆವು. ಕೆ.ಆರ್.ಎಸ್.ನಿಂದ ನೀರು ಬಿಟ್ಟಿದ್ದರು. ಮೆಟ್ಟಿಲು ಮುಳುಗಿ ಕೆಂಪು ನೀರು ಜೋರಾಗಿ ಹೋಗುತ್ತಿತ್ತು. ಅಪ್ಪ ಹನ್ನೊಂದನ್ನೂ ಹೊಸ ಪಂಚೆಯಲ್ಲಿ ಸುತ್ತಿ, ಅರಿಶಿನ ಕುಂಕುಮ ಹಚ್ಚಿದ್ದ. ಜಾರೀತೆಂದು ನಾನು ಅವನ ಸೊಂಟ ಹಿಡಿದುಕೊಂಡಿದ್ದೆ. ಗಂಟು ಕೈಬಿಟ್ಟದ್ದೇ ಒಂದು ಸಲ ಮೇಲೆ ಬಂತು, ಆಮೇಲೆ ಕಾಣಲಿಲ್ಲ. ಅಪ್ಪ ಕೈಮುಗಿದ. ನಾನೂ ಮುಗಿದೆ. ವಾಪಸು ಬರುವಾಗ ಬಾಬುರಾಯನಕೊಪ್ಪಲಿನಲ್ಲಿ ಕಾಫಿ ಕುಡಿದೆವು. ಅಪ್ಪ ಎರಡು ಉದ್ದಿನ ವಡೆ ತಿಂದ.

ಅದಾಗಿ ಒಂದು ತಿಂಗಳಿಗೆ ಆಯುಧಪೂಜೆ. ನಮ್ಮಂಥವರ ಮನೆಯಲ್ಲಿ ಅದು ದೊಡ್ಡ ಹಬ್ಬ. ನವಮಿಯ ಬೆಳಿಗ್ಗೆ ಕುಲುಮೆ ಆರಿಸಿ, ಸುತ್ತಿಗೆ, ಇಕ್ಕಳ, ಅರ, ಮೂಸೆ ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟು ಪೂಜೆ ಮಾಡಿದರೆ, ವಿಜಯದಶಮಿಯವರೆಗೆ ಯಾವ ಆಯುಧವನ್ನೂ ಮುಟ್ಟುವಂತಿಲ್ಲ. ಅವಕ್ಕೂ ವಿಶ್ರಾಂತಿ ಬೇಕು. ಅಮ್ಮ ಇದ್ದಾಗ ಈಳಿಗೆಮಣೆಯನ್ನೂ ಆ ಸಾಲಿಗೆ ಸೇರಿಸುತ್ತಿದ್ದಳು. ಹಿಂದಿನ ದಿನವೇ ಹೆಚ್ಚಿಟ್ಟುಕೊಂಡ ತರಕಾರಿಯಲ್ಲಿ ಅವತ್ತಿನ ಸಾರು.

ಸರ್ವರನ್ನು ಮಾತ್ರ ನಾನು ಯಾವ ವರ್ಷವೂ ನಿಲ್ಲಿಸಿರಲಿಲ್ಲ. ಮೇಲೊಂದು ಚೆಂಡುಹೂವು ಇಟ್ಟು, ಕುಂಕುಮ ಒಳಗೆ ಬೀಳದ ಹಾಗೆ ನೋಡಿಕೊಳ್ಳುತ್ತಿದ್ದೆ. ಅಪ್ಪ ಪ್ರತಿ ವರ್ಷ ಮುಖ ಗಂಟಿಕ್ಕಿಕೊಳ್ಳುತ್ತಿದ್ದ. ಈ ವರ್ಷ ಬಿಡಲಿಲ್ಲ.

"ಓಡ್ತಿರೋ ಆಯ್ದಕ್ಕೆ ಪೂಜೆ ಮಾಡೋದು ಅಂದ್ರೆ ಓಡೋ ಬಸ್ಸಿಗೆ ಆರ್ತಿ ಎತ್ದಂಗೆ ಕಣ್ಲಾ. ಇಷ್ಟ್ ದಿನ ಅದು ನಿಂದು, ನಾನ್ ಸುಮ್ಕಿದ್ದೆ. ಈಗ ಅದ್ರೊಳ್ಗೆ ನಮ್ ತಾತನ ಪುಸ್ತಕ ಅವೆ. ಒಂದಿನ ಅದ್ಕೂ ಉಸಿರು ಬುಡು."

ನನಗೆ ಅಂಕಿ ನೆನಪಾಯಿತು. ನಿಲ್ಲಿಸಿದರೆ ಸೊನ್ನೆಯಾಗುತ್ತದಲ್ಲ ಎಂದುಕೊಂಡೆ. ಆದರೆ ಆ ಎರಡು ತಿಂಗಳು ಅಪ್ಪ ನನ್ನ ಪಕ್ಕ ಕೂತು ಆಡಿದ ಮಾತುಗಳು ಇನ್ನೂ ಕಿವಿಯಲ್ಲಿದ್ದವು. ನಿಲ್ಲಿಸುವ ಆದೇಶ ಬರೆದು ಎಂಟರ್ ಒತ್ತಿದೆ. ಪರದೆಯ ಮೇಲೆ ಸಾಲುಗಳು ಓಡಿದವು. ಗೊರಗೊರ ನಿಂತಿತು. ನಾಲ್ಕು ವರ್ಷದಲ್ಲಿ ಮೊದಲ ಸಲ ಆ ಕೋಣೆ ಅಷ್ಟು ಸದ್ದಿಲ್ಲದೆ ಇದ್ದದ್ದು. ಅಪ್ಪ ಪೆಟ್ಟಿಗೆಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಬೂದುಗುಂಬಳ ಒಡೆದು, ಬಹಳ ಹೊತ್ತು ಕೈಮುಗಿದು ನಿಂತಿದ್ದ.

ವಿಜಯದಶಮಿ ಬೆಳಿಗ್ಗೆ ಸ್ನಾನ ಮಾಡಿ ಬಂದು ಬಟನ್ ಒತ್ತಿದೆ. ಫ್ಯಾನು ತಿರುಗಿತು. ಆಮೇಲೆ ಟಿಕ್, ಟಿಕ್, ಟಿಕ್ ಎಂದು ಸದ್ದು. ಬೆರಳಿನಿಂದ ಯಾರೋ ಒಳಗಿನಿಂದ ಬಾಗಿಲು ಬಡಿದ ಹಾಗೆ. ಪರದೆಯ ಮೇಲೆ, ನಡೆಸಲು ಯಾವ ಡಿಸ್ಕೂ ಸಿಗುತ್ತಿಲ್ಲ ಎಂಬ ಒಂದು ಸಾಲು. ಮತ್ತೆ ಒತ್ತಿದೆ. ಕೇಬಲ್ ಬದಲಾಯಿಸಿದೆ. ಬೇರೆ ಪವರ್ ಸಪ್ಲೈ ಹಾಕಿದೆ. ಒಂದು ಡಿಸ್ಕು ಟಿಕ್ ಅನ್ನುತ್ತಿತ್ತು, ಇನ್ನೊಂದು ಏನೂ ಅನ್ನುತ್ತಿರಲಿಲ್ಲ. ಏನೂ ಅನ್ನದೆ ಇದ್ದದ್ದು ಯಾವಾಗಲೋ ಸತ್ತಿತ್ತು. ಉಳಿದ ಒಂದೇ ಡಿಸ್ಕಿನ ಮೇಲೆ ಎಲ್ಲ ನಡೆದಿತ್ತು, ನನಗೆ ತಿಳಿದೇ ಇರಲಿಲ್ಲ. ವರ್ಷಗಟ್ಟಲೆ ತಿರುಗಿ ಸವೆದ ಡಿಸ್ಕು ತಿರುಗುತ್ತಿರುವವರೆಗೆ ತಿರುಗುತ್ತದೆ. ಒಮ್ಮೆ ನಿಂತು ತಣ್ಣಗಾದರೆ ಮತ್ತೆ ಏಳುವ ಶಕ್ತಿ ಇರುವುದಿಲ್ಲ. ಇದು ನನಗೆ ಗೊತ್ತಿರದ ವಿಷಯವಲ್ಲ. ಕಾರ್ಖಾನೆಯಲ್ಲಿ ಹೊಸಬರಿಗೆ ನಾನೇ ಹೇಳಿಕೊಡುತ್ತಿದ್ದೆ.

ಬ್ಯಾಕಪ್ಪು ಇದೆಯಲ್ಲ ಎಂದುಕೊಂಡು ಹೊರಗೆ ಜೋಡಿಸಿದ್ದ ಡಿಸ್ಕನ್ನು ಬಿಚ್ಚಿ ಲ್ಯಾಪ್‌ಟಾಪಿಗೆ ಹಾಕಿದೆ. ಅದು ಚೆನ್ನಾಗಿತ್ತು. ಅದರೊಳಗಿನ ಕೊನೆಯ ತಾರೀಖು ಪುಸ್ತಕದ ಕೆಲಸ ಶುರುವಾಗುವುದಕ್ಕೂ ಮುಂಚಿನದು. ಯಾವುದೋ ದಿನ ಅದರ ವಯರು ಸಡಿಲವಾಗಿ ಸಂಪರ್ಕ ತಪ್ಪಿದೆ. ನಾನು ಬರೆದ ಪ್ರೋಗ್ರಾಮು ಅದನ್ನು ಗಮನಿಸದೆ, ಅದೇ ಹೆಸರಿನ ಖಾಲಿ ಜಾಗವೊಂದಕ್ಕೆ ದಿನಾ ನಕಲು ಮಾಡುತ್ತಾ ಹೋಗಿದೆ. ಆ ಖಾಲಿ ಜಾಗ ಇದ್ದದ್ದು ಈಗ ಸತ್ತ ಸರ್ವರಿನ ಡಿಸ್ಕಿನಲ್ಲೇ. ಬ್ಯಾಕಪ್ಪು ಆಗುತ್ತಲೇ ಇತ್ತು, ಅದೂ ಆ ಪೆಟ್ಟಿಗೆಯ ಒಳಗೇ. ಲಿನಕ್ಸು ತಪ್ಪೇನೂ ಮಾಡಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡಿತು.

ಅಪ್ಪ ಹೊಸ ಪಂಚೆ ಉಟ್ಟು, ಸುತ್ತಿಗೆ ಎತ್ತುವ ಶಾಸ್ತ್ರ ಮುಗಿಸಿ ಕೋಣೆಯ ಬಾಗಿಲಿಗೆ ಬಂದ. "ಎದ್ದೈತಾ?" ಎಂದು ಕೇಳಿದ. ಇನ್ನೂ ಇಲ್ಲ ಎಂದೆ.

ಉಚಿತ ಆವೃತ್ತಿಯಾದ್ದರಿಂದ ಫೋನು ಮಾಡಿ ಕೇಳಲು ಯಾರೂ ಇರಲಿಲ್ಲ. ಬಳಸುವವರು ಪರಸ್ಪರ ಕೇಳಿಕೊಳ್ಳುವ ಇಂಟರ್ನೆಟ್ಟಿನ ಕಟ್ಟೆಯೊಂದರಲ್ಲಿ ನನ್ನ ಸ್ಥಿತಿ ಬರೆದೆ. ಯಾವ ಯಾವುದೋ ದೇಶದವರು ಉತ್ತರ ಕೊಟ್ಟರು. ಎಲ್ಲರೂ ಸಭ್ಯರು. ಎಲ್ಲರೂ ಕೇಳಿದ್ದು ಒಂದೇ, ಬ್ಯಾಕಪ್ಪನ್ನು ತೆಗೆದು ನೋಡಿ ಪರೀಕ್ಷಿಸಿದ್ದಿರಾ ಎಂದು. ಒಬ್ಬ, ಏನು ಕಳೆದುಹೋಯಿತು ಎಂದು ಕೇಳಿದ. ಗಂಟೆಗಳ ದನಿ ಎಂದು ಇಂಗ್ಲಿಷಿನಲ್ಲಿ ಬರೆದೆ. ಹಾಡಿನ ಫೈಲುಗಳೇ ಎಂದು ಕೇಳಿದ. ನಾನು ಮತ್ತೆ ಅಲ್ಲಿಗೆ ಹೋಗಲಿಲ್ಲ.

ಎರಡೂ ಡಿಸ್ಕುಗಳನ್ನು ಬೆಂಗಳೂರಿನಲ್ಲಿ ಅಂಥದ್ದನ್ನೇ ಬಿಚ್ಚಿ ನೋಡುವವರ ಬಳಿಗೆ ಒಯ್ದೆ. ಒಂದು ತಿಂಗಳು ಇಟ್ಟುಕೊಂಡರು. ಅಷ್ಟರಲ್ಲಿ ಅಣ್ಣ ಹೊಸ ಯಂತ್ರ ತಂದು, ಮೂರೂ ಅಂಗಡಿಗಳಲ್ಲಿ ಸಾಮಾನು ಎಣಿಸಿ ಬರೆಸಿ, ವ್ಯಾಪಾರ ಮೊದಲಿನ ಹಾಗೆ ನಡೆಯತೊಡಗಿತ್ತು. ಅಂಗಡಿಯದೇನೂ ಹೋಗಲಿಲ್ಲ. ಹೋದದ್ದು ಅಪ್ಪನದು ಒಂದೇ. ಬೆಂಗಳೂರಿನವರು ಕೊನೆಗೆ ಒಂದು ಪೆನ್‌ಡ್ರೈವ್ ಕೊಟ್ಟರು. ಡಿಸ್ಕಿನ ತಟ್ಟೆ ಗೀರಿಹೋಗಿದೆ, ಅಂಚಿನಲ್ಲಿ ಸ್ವಲ್ಪ ಸಿಕ್ಕಿತು, ವ್ಯವಸ್ಥೆಯ ಫೈಲುಗಳು ಮಾತ್ರ ಎಂದರು. ಅದರಲ್ಲಿ ಏನಿದೆ ಎಂದು ಬಸ್ಸಿನಲ್ಲೇ ಲ್ಯಾಪ್‌ಟಾಪ್ ತೆಗೆದು ನೋಡಿದೆ. ನೋಡಿದ ಮೇಲೆ ಮುಚ್ಚಿಟ್ಟೆ. ಅಪ್ಪನಿಗೆ, "ಪುಸ್ತಕ ಸಿಗ್ನಿಲ್ಲ ಅಪ್ಪ, ಏನೋ ಚೂರು ಪಾರು ಬಂದದೆ," ಎಂದಷ್ಟೇ ಹೇಳಿದೆ.

ಅಪ್ಪ, "ಓಗ್ಲಿ ಬುಡು," ಎಂದ. ಅವತ್ತು ಮಾತ್ರ ಊಟಕ್ಕೆ ಕೂತವನು ಎರಡು ತುತ್ತಿಗೆ ಎದ್ದ.

ಕಾರ್ತಿಕ ಕಳೆಯುತ್ತಿದ್ದ ಹಾಗೆ ತೊಣ್ಣೂರಿನ ಕಡೆಯ ಒಂದು ಹಳ್ಳಿಯಿಂದ ನಾಲ್ಕು ಜನ ಗೂಡ್ಸ್ ಆಟೋದಲ್ಲಿ ಗಂಟೆ ಹಾಕಿಕೊಂಡು ಬಂದರು. ತಾತ ಹೊಯ್ದ ಗಂಟೆ. ತುಟಿಯಿಂದ ಮೇಲಕ್ಕೆ ಗೇಣುದ್ದ ಬಿರುಕು. ಬಂದವರಲ್ಲಿ ಹಿರಿಯನೊಬ್ಬ, "ಅದೇ ದನಿ ಬರ್ಬೇಕು ಆಚಾರ್ರೆ. ನಮ್ಮೂರಲ್ಲಿ ದನಾ ಸೈತ ಈ ದನಿಗೇ ಮನೆಗ್ ತಿರುಗ್ತವೆ," ಎಂದ.

ವಾಪಸು ಕಳಿಸುತ್ತಾನೆ ಎಂದುಕೊಂಡೆ. ಅಪ್ಪ ಕಳಿಸಲಿಲ್ಲ. ಈ ಗಂಟೆಯ ಪುಟವನ್ನು ಶ್ರಾವಣದಲ್ಲಿ ನನಗೆ ಓದಿ ಹೇಳಿದ್ದ, ಅದು ನೆನಪಿದೆ ಎಂದ. ಕರಗುವಾಗ ತವರ ಒಂದಿಷ್ಟು ಸುಟ್ಟುಹೋಗುತ್ತದೆ, ಮತ್ತೆ ಸೇರಿಸಲು ಅದು ಎಷ್ಟಿತ್ತು ಎಂದು ನನ್ನನ್ನೂ ಕೇಳಿದ. ನಾನು ಟೈಪು ಮಾಡಿದವನು, ಓದಿದವನಲ್ಲ. ಬೆರಳಿಗೆ ಗೊತ್ತಿದ್ದದ್ದು ತಲೆಗೆ ಹೋಗಿರಲಿಲ್ಲ. ಆಲೋಚಿಸಿ ಆಲೋಚಿಸಿ ಒಂದು ಅಳತೆ ಹೇಳಿದೆ. ಅಪ್ಪ ತಲೆ ಅಲ್ಲಾಡಿಸಿ ಬೇರೆ ಹೇಳಿದ. ಇಬ್ಬರಿಗೂ ಖಾತ್ರಿ ಇರಲಿಲ್ಲ.

ಮೊದಲ ಸಲ ಹೊಯ್ದು, ಅಚ್ಚು ಒಡೆದು, ತೂಗುಹಾಕಿ ಬಾರಿಸಿದಾಗ ದನಿ ಎರಡು ಉಸಿರಿಗೆ ಸತ್ತಿತು. ಕರಗಿಸಿದ. ಎರಡನೇ ಸಲ ತವರ ಹೆಚ್ಚಾಗಿ ಗಾಜಿನ ಹಾಗೆ ಕಿರುಚಿತು. ಕರಗಿಸಿದ. ಮೂರನೇ ಸಲ ಅಪ್ಪ ಎತ್ತುವಾಗ ಮೂಸೆ ವಾಲಿ ಕಂಚು ನೆಲಕ್ಕೆ ಚೆಲ್ಲಿತು. ಅಣ್ಣ ಓಡಿಬಂದು ಇಕ್ಕಳ ಕಿತ್ತುಕೊಂಡ. ಮಿಕ್ಕದ್ದನ್ನು ಅಣ್ಣನೇ ಹೊಯ್ದ. ಆ ಗಂಟೆ ಕೇಳಲು ಚೆನ್ನಾಗಿಯೇ ಇತ್ತು. ಊರಿನವರು ಬಂದು ಬಾರಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಪರ್ವಾಗಿಲ್ಲ ಬುಡಿ ಆಚಾರ್ರೆ," ಎಂದ ಹಿರಿಯ. "ಅಭ್ಯಾಸ ಆಯ್ತದೆ."

"ಇದು ನಿಮ್ದಲ್ಲ," ಎಂದ ಅಪ್ಪ. "ನಿಮ್ ಗಂಟೆ ಇನ್ ಬರಾಕಿಲ್ಲ. ನಿಮ್ ಕಂಚು ನೀವ್ ತಗೊಂಡೋಗಿ. ಮೈಸೂರಲ್ಲಿ ಅಂಗ್ಡೀಲಿ ಸಿಗ್ತವೆ, ಚೆನ್ನಾಗಿರೋದ್ ನೋಡಿ ಒಂದ್ ಕಟ್ಕಳಿ."

ಗಂಟೆ ಮಾಡುವ ಮನೆಯಲ್ಲಿ ನಿಂತು ಆ ಮಾತನ್ನು ಅಪ್ಪ ಹೇಳಿದ್ದನ್ನು ನಾನು ಕೇಳಿದೆ. ಅವರು ಆಟೋ ಹತ್ತಿದ ಮೇಲೆ ಅಣ್ಣ ಕುಲುಮೆಯ ಕದ ಎಳೆದುಕೊಂಡ. ಅದನ್ನು ಮತ್ತೆ ತೆಗೆದಿಲ್ಲ. ಈಗ ಅಲ್ಲಿ ಅಂಗಡಿಯ ರಟ್ಟಿನ ಡಬ್ಬಗಳಿವೆ.

ಮಾರನೆಯ ಮಧ್ಯಾಹ್ನ ಅಪ್ಪ ಆಫೀಸಿನ ಕೋಣೆಗೆ ಬಂದು ನನ್ನ ಎದುರು ಕುರ್ಚಿಯಲ್ಲಿ ಕೂತ.

"ಬೆಂಗ್ಳೂರಿಂದ ಏನೋ ಚೂರು ಬಂತು ಅಂದ್ಯಲ್ಲ. ಏನದು?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಕಾಗ್ದಗಳು ಅಪ್ಪ. ಆ ಪೆಟ್ಗೆ ಬರ್ದಿದ್ ಕಾಗ್ದಗಳು."

"ಯಾರ್ಗೆ?"

"ನಂಗೆ."

ವ್ಯವಸ್ಥೆಯನ್ನು ನೋಡಿಕೊಳ್ಳುವವನ ಹೆಸರಿಗೆ ಲಿನಕ್ಸು ತಾನಾಗಿ ಪತ್ರ ಬರೆಯುತ್ತದೆ. ಆ ಪೆಟ್ಟಿಗೆಯ ಒಳಗೇ ಒಂದು ಟಪಾಲು ಡಬ್ಬಿ ಇರುತ್ತದೆ, ಅದರಲ್ಲಿ ಹಾಕುತ್ತದೆ. ದಿನಕ್ಕೊಂದು ಬರೆ ಎಂದು ಹೊಂದಿಸಿದವನೂ ನಾನೇ. ಅದನ್ನು ನನ್ನ ಮೊಬೈಲಿಗೆ ಬರುವ ಹಾಗೆ ಮಾಡಬೇಕು ಎಂದುಕೊಂಡಿದ್ದೆ, ಆಮೇಲೆ ಮಾಡಿದರಾಯಿತು ಎಂದು ಬಿಟ್ಟಿದ್ದೆ. ಪ್ರತಿ ಸಲ ಲಾಗಿನ್ ಆದಾಗಲೂ ಹೊಸ ಪತ್ರವಿದೆ ಎಂದು ಒಂದು ಸಾಲು ತೋರಿಸುತ್ತಿತ್ತು. ಬ್ಯಾಕಪ್ಪು ಆಯಿತು ಎನ್ನುವ ದಿನನಿತ್ಯದ ಪತ್ರವೇ ಇರಬೇಕೆಂದು ನಾನು ಆ ಸಾಲನ್ನು ದಾಟಿ, ಎಷ್ಟು ದಿನವಾಯಿತು ಎಂದು ಕೇಳುತ್ತಿದ್ದೆ. ಬೆಂಗಳೂರಿನವರಿಗೆ ಸಿಕ್ಕ ಅಂಚಿನಲ್ಲಿ ಉಳಿದಿದ್ದದ್ದು ಆ ಟಪಾಲು ಡಬ್ಬಿ.

"ಓದು," ಎಂದ ಅಪ್ಪ.

ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡ ಮಾಡಿ ಓದಿದೆ. ಎರಡು ಡಿಸ್ಕುಗಳಲ್ಲಿ ಒಂದು ಕೆಲಸ ಮಾಡುತ್ತಿಲ್ಲ. ಉಳಿದಿರುವುದು ಒಂದೇ. ದಯವಿಟ್ಟು ಗಮನಿಸಿ. ಕೆಳಗೆ, ಇಂತಿ ನಿಮ್ಮ ನಂಬಿಕೆಯ ಎಂದಿತ್ತು.

"ಅಂಗೂ ಬರೀತದಾ?"

"ಊಂ."

"ಇನ್ನೊಂದ್ ಓದು."

ಇನ್ನೊಂದು ಓದಿದೆ. ಅದೇ ಮಾತು, ತಾರೀಖು ಮಾತ್ರ ಮಾರನೆಯ ದಿನದ್ದು. ಏಳೆಂಟು ಓದಿಸಿದ. ಆಷಾಢದಿಂದ ಶುರುವಾಗಿದ್ದವು. ನಾವಿಬ್ಬರೂ ಅದೇ ಕೋಣೆಯಲ್ಲಿ ಕೂತು ಪುಸ್ತಕ ಓದುತ್ತಾ ನಗುತ್ತಿದ್ದ ದಿನಗಳು ಅವು.

"ಓದಿದ್ರೆ ಏನ್ ಮಾಡ್ಬೋದಾಗಿತ್ತು?"

"ಹೊಸಾ ಡಿಸ್ಕ್ ಆಕ್ಬೋದಾಗಿತ್ತು. ಅರ್ಧ ಗಂಟೆ ಕೆಲ್ಸ."

ಅಪ್ಪ ಕಿಟಕಿಯ ಕಡೆ ತಿರುಗಿದ. ಅವನಿಗೆ ಅಷ್ಟು ದೂರದಿಂದ ಏನೂ ಕಾಣುವುದಿಲ್ಲ, ಬೆಳಕು ಮಾತ್ರ.

"ಅವತ್ತು ನೀರಿಗ್ ಬುಡಾಕೆ ಶ್ರೀರಂಗಪಟ್ಣಕ್ ಓದ್ವಲ್ಲ. ಅವತ್ತೂ ಬರ್ದಿತ್ತಾ?"

ನಾನು ತಾರೀಖು ಹುಡುಕಿದೆ. ಹುಡುಕುವುದು ಬೇಕಿರಲಿಲ್ಲ. ಬಸ್ಸಿನಲ್ಲಿ ಮೊದಲು ನೋಡಿದ್ದೇ ಅದನ್ನು.

"ಬರ್ದಿತ್ತು ಅಪ್ಪ."

"ಎಷ್ಟೊತ್ಗೆ?"

"ಬೆಳ್ಗೆ ಆರಕ್ಕೆ."

"ನಾವ್ ಮನೆಯಿಂದ ಒಂಟಿದ್ದು ಎಂಟೂವರೆಗೆ," ಎಂದ ಅಪ್ಪ. ಆಮೇಲೆ ಕುರ್ಚಿಯ ಪಕ್ಕ ಕೈಯಾಡಿಸಿ ಕೋಲು ಹುಡುಕಿಕೊಂಡು ಎದ್ದುಹೋದ.